ಗಮ್ ಬೇಡ, ದಾರ ಬೇಡ, ಮೊಳೆನೂ ಬೇಡ: ಆಂಡಿ ಗೋಲ್ಡ್ಸ್‌ವರ್ಥಿ ಥರ ಒಂದು ದಿನ ಕೆಲ್ಸ ಮಾಡೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಆರ್ಟಿಸ್ಟ್ ಅಲ್ಲ. ಡ್ರಾಯಿಂಗ್ ಪರೀಕ್ಷೇಲಿ ನಾನು ಬರೆದ ಹಸು ನೋಡಿ ಮೇಷ್ಟ್ರು ಇದ್ಯಾಕಮ್ಮ ನಾಯಿಗೆ ಕೊಂಬು ಹಾಕಿದೀಯ ಅಂತ ಕೇಳಿದ್ರು, ಅಲ್ಲಿಗೆ ನನ್ನ ಕಲಾಸೇವೆ ಮುಗೀತು. ಆದ್ರೆ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋಗೆ ಬಂದ್ಮೇಲೆ ವೀಕೆಂಡ್ ಆದ್ರೆ ಸಾಕು ಮಕ್ಳನ್ನ ಎಲ್ಲಾದ್ರೂ ಹೊರಗಡೆ ಕರ್ಕೊಂಡು ಹೋಗ್ಲೇಬೇಕು, ಇಲ್ಲಾಂದ್ರೆ ಮನೆ ಮನೆಯಾಗಿ ಉಳಿಯಲ್ಲ, ಹಾಗೆ ಅಲ್ಲಿ ಇಲ್ಲಿ ಹೋಗ್ತಾ ಹೋಗ್ತಾ ಈ ಆಂಡಿ ಗೋಲ್ಡ್ಸ್‌ವರ್ಥಿ ಅನ್ನೋ ಶಿಲ್ಪಿಯ ಹುಚ್ಚು ಹಿಡೀತು. ಎಲೆ, ಕಲ್ಲು, ಮಂಜುಗಡ್ಡೆ, ಮುಳ್ಳು, ಕುರಿ ಉಣ್ಣೆ, ಕೆಸ್ರು, ಹೆಚ್ಚುಕಮ್ಮಿ ಇಷ್ಟೇ ಇಟ್ಕೊಂಡು ಐವತ್ತು ವರ್ಷದಿಂದ ಕೆಲ್ಸ ಮಾಡ್ತಿರೋ ಮನುಷ್ಯ. ಇವ್ರ ಫೋಟೋ ನೋಡಿದವ್ರೆಲ್ಲ ಅಯ್ಯೋ ಇದನ್ನ ನಾವೂ ಮಾಡ್ಬೋದಲ್ಲ ಅಂತ ಪಾರ್ಕಿಗೆ ಹೋಗಿ ಹತ್ತು ನಿಮಿಷ ಎಲೆ ಜೋಡಿಸ್ತಾರೆ, ಗಾಳಿ ಬೀಸುತ್ತೆ, ಎಲೆ ಹಾರುತ್ತೆ, ಕೈ ಒರೆಸ್ಕೊಂಡು ಮನೆಗೆ ಬರ್ತಾರೆ. ಮೊದಲ ಎರಡು ಸಲ ನನ್ನ ಕಥೆನೂ ಅದೇ. ಆಮೇಲೆ ಗೊತ್ತಾಗಿದ್ದು, ಆರ್ಟ್ ಮಾಡ್ತೀನಿ ಅಂತ ಹೋದ್ರೆ ಇದು ಕೈಗೆ ಹತ್ತಲ್ಲ, ಹೊಲದ ಕೆಲ್ಸಕ್ಕೆ ಹೋಗ್ತಿದೀನಿ ಅಂದ್ಕೊಂಡು ಹೋದ್ರೆ ಹತ್ತುತ್ತೆ.

ಇದು ನಾನು ಕಟ್ಟಿದ ಮಾತಲ್ಲ, ಅವ್ರು ಬೆಳೆದಿದ್ದೇ ಹಾಗೆ. 1956ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿ ಹುಟ್ಟಿ ಯಾರ್ಕ್‌ಷೈರ್‌ನ ಲೀಡ್ಸ್ ಅಂಚಲ್ಲಿ ಬೆಳೆದ್ರು, ಅಪ್ಪ ಲೀಡ್ಸ್ ಯೂನಿವರ್ಸಿಟೀಲಿ ಗಣಿತದ ಪ್ರೊಫೆಸರ್, ಮಗ ಮಾತ್ರ ಹದಿಮೂರನೇ ವಯಸ್ಸಿಂದ ಸುತ್ತಮುತ್ತಲ ಫಾರ್ಮ್‌ಗಳಲ್ಲಿ ಕೆಲಸಕ್ಕೆ ಹೋಗೋಕೆ ಶುರು ಮಾಡಿದ. ತಾನು ಶಿಲ್ಪ ಮಾಡೋದು ಆಲೂಗೆಡ್ಡೆ ಆರಿಸೋ ಕೆಲಸ ಇದ್ದ ಹಾಗೆ, ಅದರ ಲಯಕ್ಕೆ ಬೀಳ್ಬೇಕು ಅಷ್ಟೇ ಅನ್ನೋ ಅರ್ಥದಲ್ಲಿ ಅವ್ರೇ ಹೇಳಿದಾರೆ. ಆಮೇಲೆ ಆರ್ಟ್ ಕಾಲೇಜು ಸೇರಿದ್ರು, ಅಲ್ಲೂ ಒಳಗಡೆ ಕೂರೋಕಾಗ್ದೆ ಮೋರ್‌ಕಂಬ್ ಬೇ ಅನ್ನೋ ಕಡಲ ತೀರಕ್ಕೆ ಹೋಗಿ ಮರಳಲ್ಲೂ ಕಲ್ಲಲ್ಲೂ ಏನೇನೋ ಮಾಡೋದು, ಅಲೆ ಬಂದು ಅಳಿಸೋದು, ಮತ್ತೆ ಮಾಡೋದು. 1985ರಲ್ಲಿ ಸ್ಕಾಟ್ಲೆಂಡಿನ ಡಂಫ್ರೀಸ್‌ಷೈರ್‌ಗೆ ಬಂದ್ರು, ಮೊದ್ಲು ಲ್ಯಾಂಗಮ್‌ನಲ್ಲಿ, ಒಂದು ವರ್ಷ ಬಿಟ್ಟು ಪೆನ್‌ಪಾಂಟ್ ಅನ್ನೋ ಚಿಕ್ಕ ಹಳ್ಳಿಗೆ, ಅಲ್ಲೇ ನೆಲೆ ನಿಂತ್ರು. ಸುತ್ತ ಕುರಿ, ಹಸು, ಹುಲ್ಲುಗುಡ್ಡ, ಒಂದು ಸಣ್ಣ ಹೊಳೆ. ಹುಟ್ಟಿದ್ದು ಇಂಗ್ಲೆಂಡಾದ್ರೂ ಈಗ ನಾವು ನೋಡ್ತಿರೋ ಗೋಲ್ಡ್ಸ್‌ವರ್ಥಿನ ಮಾಡಿದ್ದು ಆ ಹಳ್ಳೀನೇ ಅನ್ನೋದು ನನ್ನ ಲೆಕ್ಕ. ಅದೇ ಹೊಳೆಗೆ, ಅದೇ ಮರಕ್ಕೆ ನಲವತ್ತು ವರ್ಷ ಹೋಗಿ ಬರ್ತಿರೋರು ಅವ್ರು, ಹೊಸ ಲೊಕೇಶನ್ ಹುಡುಕ್ಕೊಂಡು ಅಲೆಯೋ ಪೈಕಿ ಅಲ್ಲ.

ಹಾಗಾಗಿ ಮೊದಲ ಸೂಚನೆ ಇದೇ, ನಿಮ್ಮ ಮನೆಯಿಂದ ಅರ್ಧ ಗಂಟೆ ಒಳಗೆ ಹೋಗಿ ಬರೋ ಒಂದೇ ಒಂದು ಜಾಗ ಆರಿಸ್ಕೊಳ್ಳಿ. ಹೊಳೆ ದಂಡೆ, ಕಾಡಿನ ಅಂಚು, ಬೀಚು, ಏನಾದ್ರೂ ಸರಿ. ಮೊದಲ ದಿನ ಏನೂ ಮಾಡ್ಬೇಡಿ, ಸುಮ್ನೆ ನೋಡ್ಕೊಂಡು ಬನ್ನಿ, ಯಾವ ಮರದ ಎಲೆ ಮೊದ್ಲು ಹಣ್ಣಾಗುತ್ತೆ, ಬಿಸಿಲು ಯಾವ ಕಡೆಯಿಂದ ಬೀಳುತ್ತೆ, ನೀರು ಎಲ್ಲಿ ನಿಧಾನವಾಗಿ ತಿರುಗುತ್ತೆ, ಕಲ್ಲು ಚಪ್ಪಟೆನಾ ಗುಂಡಗಾ. ಗುಂಡುಕಲ್ಲಿನ ಜಾಗದಲ್ಲಿ ನಿಂತ್ಕೊಂಡು ಚಪ್ಪಟೆ ಕಲ್ಲಿನ ಕೆಲ್ಸ ಮಾಡ್ತೀನಿ ಅಂದ್ರೆ ಆಗಲ್ಲ, ಅಲ್ಲಿ ಏನಿದ್ಯೋ ಅದೇ ನಿಮ್ಮ ಸಾಮಾನು. ಬ್ಯಾಗಲ್ಲಿ ಏನಿರ್ಬೇಕು ಅಂದ್ರೆ ಫ್ಲಾಸ್ಕಲ್ಲಿ ಟೀ, ಹಾಳಾದ್ರೂ ಚಿಂತೆ ಇಲ್ಲ ಅನ್ನೋ ಪ್ಯಾಂಟು, ಉದ್ದ ರಬ್ಬರ್ ಬೂಟು ಅಂದ್ರೆ ಇಲ್ಲಿಯವ್ರು ವೆಲ್ಲೀಸ್ ಅಂತಾರಲ್ಲ ಅದು, ಮಂಡಿ ಊರಿ ಕೂರೋಕೆ ಒಂದು ತುಂಡು ಫೋಮ್ ಶೀಟು, ಚಾರ್ಜ್ ಇರೋ ಫೋನು. ಕತ್ತರಿ, ಟೇಪು, ವೈರು ಯಾವ್ದೂ ಬೇಡ, ಇದ್ರೆ ಕೈ ಅದ್ರ ಕಡೆಗೇ ಹೋಗುತ್ತೆ.

ಈಗ ಎಲೆ ಕೆಲ್ಸಕ್ಕೆ ಬರೋಣ, ಯಾಕಂದ್ರೆ ಇದ್ರಲ್ಲಿ ನಮ್ಮೋರಿಗೆ ಆಗ್ಲೇ ಅರ್ಧ ಬರುತ್ತೆ. ನಮ್ಮಜ್ಜಿ ಹಿರಿಯೂರು ಹತ್ರ ಹಳ್ಳೀಲಿ ಮಧ್ಯಾಹ್ನ ಊಟ ಆದ್ಮೇಲೆ ಜಗುಲಿ ಮೇಲೆ ಕೂತು ಮುತ್ತುಗದ ಎಲೆ ಹಚ್ತಿದ್ರು, ಪಕ್ಕದಲ್ಲಿ ಹಂಚಿಕಡ್ಡಿ ಕಟ್ಟು, ಒಂದು ಎಲೆ ಮೇಲೆ ಇನ್ನೊಂದರ ಅಂಚು ಕೂರಿಸಿ ಕಡ್ಡಿ ಚುಚ್ಚಿ ಮೇಲೆ ತೆಗೆದು ಚಟ್ ಅಂತ ಮುರಿಯೋದು, ಮಾತು ಒಂದು ಕಡೆ ನಡೀತಾ ಇರುತ್ತೆ, ಕೈ ಅದರ ಪಾಡಿಗೆ ಅದು. ಗೋಲ್ಡ್ಸ್‌ವರ್ಥಿ ಎಲೆಸಾಲು ಮಾಡೋದು ನೋಡಿದಾಗ ನಂಗೆ ಮೈ ಜುಮ್ ಅಂದಿದ್ದು ಅದಕ್ಕೇ, ಪಟ್ಟು ಅದೇ! ಅವ್ರು ಮುಳ್ಳು ಬಳಸ್ತಾರೆ ಅಥವಾ ಗಟ್ಟಿ ಹುಲ್ಲಿನ ಕಡ್ಡಿ, ಅಷ್ಟೇ ವ್ಯತ್ಯಾಸ.

ಸ್ಕಾಟ್ಲೆಂಡಲ್ಲಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದ ತನಕ ಒಳ್ಳೆ ಟೈಮು. ಸಿಕಮೋರ್ ಮರದ ಅಗಲ ಎಲೆ, ಹಾರ್ಸ್ ಚೆಸ್ಟ್‌ನಟ್ ಎಲೆ, ಬೀಚ್ ಅನ್ನೋ ಜಾತಿ ಮರದ ಎಲೆ ಮೂರೂ ಆಗುತ್ತೆ. ನೆಲಕ್ಕೆ ಬಿದ್ದು ಒಂದು ದಿನ ಆಗಿರೋದು ಆರಿಸಿ, ಹಸೀ ಎಲೆ ಸುರುಳಿ ಸುತ್ತುತ್ತೆ, ಒಣಗಿದ್ದು ಚುಚ್ಚಿದ ತಕ್ಷಣ ಸೀಳುತ್ತೆ. ಮುಳ್ಳು ಬೇಕಂದ್ರೆ ಹಾಥಾರ್ನ್ ಬೇಲಿ ಎಲ್ಲಾ ಕಡೆ ಇರುತ್ತೆ, ಅದರ ಮುಳ್ಳು ಸೂಜಿ ಥರ ನೇರ. ಬ್ಲಾಕ್‌ಥಾರ್ನ್ ಮುಳ್ಳು ಮುಟ್ಬೇಡಿ, ಅದು ಇನ್ನೂ ಉದ್ದ ಇರೋದ್ರಿಂದ ಆಸೆ ಆಗುತ್ತೆ, ಆದ್ರೆ ಚುಚ್ಚಿ ಒಳಗೆ ಮುರಿದ್ರೆ ಕೀವು ಆಗಿ ಬೆರಳು ಊದಿ ಸಾಕು ಸಾಕಾಗುತ್ತೆ.

ಎಲೆ ಎಲ್ಲ ಮೊದ್ಲು ಬಣ್ಣದ ಪ್ರಕಾರ ಗುಡ್ಡೆ ಮಾಡ್ಕೊಳ್ಳಿ, ಹಸಿರು, ಹಸಿರು ಹಳದಿ, ಹಳದಿ, ಕಿತ್ತಳೆ, ಕೆಂಪು, ಕಂದು. ಇಲ್ಲಿ ಎಲ್ಲರೂ ಆತುರ ಪಡ್ತಾರೆ. ನಾನು ಮೊದಲ ಸಲ ಮೂರು ಗುಡ್ಡೆ ಮಾಡಿ ಸಾಕು ಅಂದ್ಕೊಂಡೆ, ಮಾಡಿದ ಸಾಲು ಟ್ರಾಫಿಕ್ ಸಿಗ್ನಲ್ ಥರ ಕಾಣ್ತಿತ್ತು. ಈಗ ಕಮ್ಮಿ ಅಂದ್ರೂ ಹತ್ತು ಹನ್ನೆರಡು ಗುಡ್ಡೆ ಮಾಡ್ತೀನಿ, ಹಳದೀಲೇ ನಾಲ್ಕು ಥರ ಇರುತ್ತೆ, ಒಟ್ಟು ಟೈಮಲ್ಲಿ ಅರ್ಧ ಆರಿಸೋದ್ರಲ್ಲೇ ಹೋಗುತ್ತೆ, ಹೋಗ್ಲಿ, ಕೆಲ್ಸ ಅಂದ್ರೆ ಅದೇ. ಆಮೇಲೆ ಒಂದು ಎಲೆ ತೊಗೊಂಡು ಅದರ ತುದಿ ಮೇಲೆ ಇನ್ನೊಂದರ ಬುಡ ಎರಡು ಬೆರಳಷ್ಟು ಕೂರಿಸಿ, ನಡು ನರದ ಪಕ್ಕದಲ್ಲಿ (ನರದ ಮೇಲಲ್ಲ, ಅಲ್ಲಿ ಸೀಳುತ್ತೆ) ಮುಳ್ಳನ್ನ ಕೆಳಗೆ ಇಳಿಸಿ ಒಂದು ಸೆಂಟಿಮೀಟರ್ ಮುಂದೆ ಮತ್ತೆ ಮೇಲೆ ತೆಗೀರಿ, ಟಾಕಾ ಹಾಕಿದ ಹಾಗೆ. ಒಂದು ಜೋಡಣೆಗೆ ಎರಡು ಮುಳ್ಳು ಸಾಕು. ಹದಿನೈದು ಇಪ್ಪತ್ತು ಎಲೆ ಆಗೋ ಹೊತ್ತಿಗೆ ಕೈಗೆ ಲಯ ಬಂದಿರುತ್ತೆ, ನೋಡದೇ ಚುಚ್ಚೋಕಾಗುತ್ತೆ, ಆಲೂಗೆಡ್ಡೆ ಮಾತು ಅರ್ಥ ಆಗೋದು ಆವಾಗ್ಲೇ.

ಸಾಲು ಎರಡು ಮೂರು ಮೀಟರ್ ಆದ್ಮೇಲೆ ಹೊಳೇಲಿ ನಿಂತ ನೀರಿರೋ ಗುಂಡಿಗೆ ಬಿಡಿ. ಇಡೀ ಸಾಲು ಒಟ್ಟಿಗೆ ಹಾಕ್ಬೇಡಿ, ಒಂದು ತುದಿಯಿಂದ ನಿಧಾನಕ್ಕೆ ಇಳಿಸಿ, ನೀರೇ ಎಳ್ಕೊಂಡು ಹೋಗುತ್ತೆ. ಹಾವು ಈಜಿದ ಹಾಗೆ ಸುತ್ತಿಕೊಂಡು ಹೋಗಿ ಕಲ್ಲಿಗೆ ತಗುಲಿ ನಿಂತು ಮತ್ತೆ ಬಿಡಿಸ್ಕೊಂಡು ಹೋಗುತ್ತಲ್ಲ, ಆ ನೀರಿನ ಸೆಳೆತ ಎಲ್ಲೆಲ್ಲಿದೆ ಅಂತ ನಾವು ಸುಮ್ನೆ ನೋಡಿದಾಗ ಕಂಡಿರಲ್ಲ, ಎಲೆ ತೋರಿಸುತ್ತೆ. ನನ್ನ ಮಗ ಅದರ ಹಿಂದೆ ದಡದಲ್ಲಿ ಓಡಿ ಓಡಿ ಬೂಟು ತುಂಬ ನೀರು ತುಂಬ್ಕೊಂಡು ಬಂದ.

ಚುಚ್ಚೋ ತಾಳ್ಮೆ ಇಲ್ದೋರಿಗೆ ಇನ್ನೊಂದು ದಾರಿ, ಒದ್ದೆ ಎಲೆಯನ್ನ ಒದ್ದೆ ಕಲ್ಲಿಗೆ ಅಂಟಿಸೋದು. ಗೋಲ್ಡ್ಸ್‌ವರ್ಥಿ ಹಳದಿ ಎಲ್ಮ್ ಎಲೆಗಳನ್ನ ಹೀಗೆ ಬಂಡೆ ಮೇಲೆ ಅಂಟಿಸಿದ ಫೋಟೋ ನೋಡಿದ್ರೆ ಬಂಡೆಗೆ ಯಾರೋ ಪೇಂಟ್ ಹೊಡೆದಿದಾರೆ ಅನ್ಸುತ್ತೆ, ಅಲ್ಲಿರೋದು ನೀರು ಮತ್ತೆ ಎಲೆ ಎರಡೇ. ಎಲೆಯ ನುಣುಪು ಮುಖ ಮೇಲೆ ಬರೋ ಹಾಗೆ ಇಟ್ಟು ಹೆಬ್ಬೆರಳಲ್ಲಿ ನಡುವಿಂದ ಅಂಚಿಗೆ ಒತ್ತುತ್ತಾ ಬನ್ನಿ, ಒಳಗಡೆ ಗಾಳಿ ಉಳಿದ್ರೆ ಏಳುತ್ತೆ. ಬಿಸಿಲು ಬಂದ್ರೆ ಅರ್ಧ ಗಂಟೇಲಿ ಎಲ್ಲ ಉದುರುತ್ತೆ, ಸ್ಕಾಟ್ಲೆಂಡಲ್ಲಿ ಆ ಭಯ ಕಮ್ಮಿ ಬಿಡಿ, ಇಲ್ಲಿ ಮಳೆದೇ ಕಾಟ.

ಮಳೆ ಅಂದಾಗ ನೆನಪಾಯ್ತು, ಎಲ್ಲಕ್ಕಿಂತ ಸುಲಭದ ಕೆಲ್ಸ ಮಳೆ ನೆರಳು. ಒಣಗಿದ ಚಪ್ಪಡಿ ಮೇಲೆ ಮೊದಲ ಹನಿ ಬೀಳ್ತಿದ್ದ ಹಾಗೇ ಕೈಕಾಲು ಚಾಚಿ ಅಂಗಾತ ಮಲಗೋದು, ಸುತ್ತ ನೆಲ ಪೂರ್ತಿ ಒದ್ದೆ ಆಗೋ ತನಕ ಅಲುಗಾಡದೆ ಇರೋದು, ಆಮೇಲೆ ಎದ್ರೆ ನಿಮ್ಮ ಆಕಾರದಲ್ಲಿ ಒಣ ನೆಲ ಉಳಿದಿರುತ್ತೆ. ಅಷ್ಟೇ. ಅವ್ರು ಇದನ್ನ ದಶಕಗಳಿಂದ ದೇಶ ದೇಶದಲ್ಲಿ ಮಾಡ್ತಿದಾರೆ, ಸಿಟಿ ಫುಟ್‌ಪಾತಲ್ಲೂ. ಏಳೋವಾಗ ಪಕ್ಕಕ್ಕೆ ಹೊರಳ್ಬೇಡಿ, ಗೆರೆ ಕೆಡುತ್ತೆ, ಇಬ್ರು ಇದ್ರೆ ಒಬ್ರು ಕೈ ಹಿಡಿದು ನೇರ ಎತ್ತಲಿ. ಫೋಟೋ ತಕ್ಷಣ, ಜೋರು ಮಳೆ ಆದ್ರೆ ಒಂದೆರಡು ನಿಮಿಷದಲ್ಲಿ ನೆರಳು ತುಂಬಿಹೋಗುತ್ತೆ. ಕಷ್ಟ ಇರೋದು ನಾಚಿಕೇಲಿ. ನಾನು ಕಣ್ಮುಚ್ಚಿ ಮಲಗಿದ್ದಾಗ ಒಬ್ಬ ಅಜ್ಜಿ ನಾಯಿ ಸಮೇತ ಬಂದು ಬಗ್ಗಿ ‘ಆರ್ ಯೂ ಆಲ್‌ರೈಟ್, ಹೆನ್?’ ಅಂದ್ರು (ಹೆನ್ ಅಂದ್ರೆ ಗ್ಲ್ಯಾಸ್ಗೋಲಿ ಹೆಂಗಸ್ರನ್ನ ಅಕ್ಕರೆಯಿಂದ ಕರೆಯೋದು, ಕೋಳಿ ಅಂತ ಬೇಜಾರು ಮಾಡ್ಕೋಬೇಡಿ), ನಾನು ಮಲಗಿದ್ದಲ್ಲೇ ಐಯಾಮ್ ಮೇಕಿಂಗ್ ಎ ಶಾಡೋ ಅಂದೆ, ಅವ್ರು ಒಂದು ಕ್ಷಣ ಯೋಚಿಸಿ ಛತ್ರಿ ಮಡಚಿ ನನ್ನ ಪಕ್ಕದಲ್ಲಿ ನಿಂತೇ ಬಿಟ್ರು, ತಮ್ಮದೂ ಬರಲಿ ಅಂತ. ಬರ್ಲಿಲ್ಲ, ನಿಂತವ್ರಿಗೆ ಎರಡು ಪಾದದಷ್ಟೇ ಬರುತ್ತೆ.

ಕಲ್ಲು. ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಜನ ತಪ್ಪು ಮಾಡೋದು ಇಲ್ಲೇ, ಗಾಯ ಆಗೋದೂ ಇಲ್ಲೇ. ಒಂದರ ಮೇಲೊಂದು ಕಲ್ಲು ಬ್ಯಾಲೆನ್ಸ್ ಮಾಡಿ ಫೋಟೋ ಹಾಕ್ತಾರಲ್ಲ, ಅದು ಬೇರೆ, ಇದು ಬೇರೆ. ಗೋಲ್ಡ್ಸ್‌ವರ್ಥಿ ಕಲ್ಲಿನ ಕೆಲ್ಸದ ಬೇರು ಇರೋದು ಇಲ್ಲಿನ ರೈತರ ಗೋಡೇಲಿ. ಗಾರೆ ಇಲ್ದೆ ಕಟ್ಟಿದ ಕಲ್ಲುಗೋಡೆಗೆ ಸ್ಕಾಟ್ಲೆಂಡಲ್ಲಿ ಡೈಕ್ ಅಂತಾರೆ, ಕಟ್ಟೋನು ಡೈಕರ್. ಹೊಲದಲ್ಲಿ ಏಳೋ ಕಲ್ಲು ಆರಿಸಿ ಅಂಚಿಗೆ ಹಾಕಿ ಹಾಕಿ ಗೋಡೆ ಆಗಿರೋದು, ನಮ್ಮ ತಾತನ ಹೊಲದಲ್ಲೂ ಉತ್ತಷ್ಟೂ ಕಲ್ಲು ಏಳ್ತಿತ್ತು, ಬದುವಿಗೆ ಒಟ್ಟೋದು ಮಕ್ಕಳ ಪಾಲಿನ ಕೆಲ್ಸ, ನಾವು ಸುಮ್ನೆ ಒಟ್ಟಿದ್ವಿ, ಇವ್ರು ಅಚ್ಚುಕಟ್ಟಾಗಿ ಕಟ್ಟಿದ್ರು. ಈ ಗೋಡೆ ಹಿಂದೆ ಕಹಿ ಚರಿತ್ರೆನೂ ಇದೆ, ಜಮೀನ್ದಾರ್ರು ದನ ಮೇಯಿಸೋಕೆ ಅಂತ ಭೂಮಿಗೆ ಗೋಡೆ ಹಾಕಿ ಬಡ ಒಕ್ಕಲನ್ನ ಎಬ್ಬಿಸಿದಾಗ 1724ರಲ್ಲಿ ಗ್ಯಾಲೊವೇ ಕಡೆ ಜನ ರಾತ್ರೋರಾತ್ರಿ ಗುಂಪು ಕಟ್ಕೊಂಡು ಹೋಗಿ ಗೋಡೆ ಕೆಡವಿದ್ರು, ಅವ್ರನ್ನ ಲೆವೆಲರ್ಸ್ ಅಂತ ಕರೀತಾರೆ. ಅದೇ ಗ್ಯಾಲೊವೇ ಡೈಕಲ್ಲಿ ಕೆಳಗಡೆ ಜೋಡಿ ಗೋಡೆ, ಮೇಲ್ಗಡೆ ಒಂಟಿ ಕಲ್ಲು, ನಡುವೆ ಬೆಳಕು ತೂರೋ ಹಾಗೆ ಸಂದಿ ಬಿಟ್ಟಿರ್ತಾರೆ, ಗಾಳಿ ಒಳಗಿಂದ ಹಾದು ಹೋಗುತ್ತೆ, ಕುರಿಗೂ ಅದನ್ನ ಕಂಡ್ರೆ ಅನುಮಾನ, ಹಾರೋಕೆ ಹೋಗಲ್ಲ.

ಡೈಕರ್‌ಗಳ ನಿಯಮ ಮೂರ್ನಾಲ್ಕೇ ಇದೆ, ಇವನ್ನ ಕಲಿತ್ರೆ ಸಾಕು. ಕಲ್ಲಿನ ಉದ್ದ ಭಾಗ ಒಳಗೆ ಹೋಗ್ಬೇಕು, ಹೊರಗೆ ಚಂದ ಕಾಣ್ಲಿ ಅಂತ ಅಡ್ಡ ಇಟ್ರೆ ಜಾರುತ್ತೆ. ಎರಡು ಕಲ್ಲಿನ ಸಂದಿ ಮೇಲೆ ಒಂದು ಕಲ್ಲು ಬರ್ಬೇಕು, ಸಂದಿ ಮೇಲೆ ಸಂದಿ ಬಂದ್ರೆ ಅಲ್ಲೇ ಬಿರುಕು. ಹೊಟ್ಟೆ ಒಳಗೆ ತುಂಬೋ ಸಣ್ಣ ಕಲ್ಲನ್ನ ಸುರಿಯೋದಲ್ಲ, ಒಂದೊಂದೇ ಕೈಯಲ್ಲಿ ಗಿಡಿದು ತುಂಬ್ಬೇಕು, ಗೋಡೆ ನಿಂತಿರೋದೇ ಅದ್ರ ಮೇಲೆ. ಆಮೇಲೆ ಕೈಗೆ ಎತ್ತಿದ ಕಲ್ಲನ್ನ ಕೆಳಗೆ ಹಾಕ್ಬೇಡ, ಅದಕ್ಕೊಂದು ಜಾಗ ಹುಡುಕು ಅಂತಾರೆ, ಇದು ನಂಗೆ ತುಂಬ ಇಷ್ಟ, ಆದ್ರೆ ಪಾಲಿಸೋಕಾಗಲ್ಲ.

ಗೋಲ್ಡ್ಸ್‌ವರ್ಥಿ ಹೆಸರು ಹೇಳಿದ್ರೆ ನೆನಪಾಗೋದು ಮೊಟ್ಟೆ ಆಕಾರದ ಕಲ್ಲಿನ ಗೋಪುರ, ಬುಡ ಸಣ್ಣ, ನಡು ಉಬ್ಬು, ತುದಿ ಮೊನಚು. ಪೆನ್‌ಪಾಂಟ್ ಊರಾಚೆ ದಿಬ್ಬದ ಮೇಲೂ ಒಂದಿದೆ, ರಸ್ತೆಯಿಂದಲೇ ಕಾಣುತ್ತೆ. ನಾವು ಮೊಣಕಾಲೆತ್ತರಕ್ಕೆ ಮಾಡೋಣ, ಅದಕ್ಕಿಂತ ಎತ್ತರ ಬೇಡ. ಚಪ್ಪಟೆ ಪದರು ಕಲ್ಲಿರೋ ಬೀಚ್ ಹುಡುಕಿ, ನಾವು ಹೋಗೋದು ಏರ್‌ಷೈರ್ ಕಡೆ. ನೀರಿನ ಟೈಮ್ ಮೊದ್ಲೇ ನೋಡ್ಕೊಳ್ಳಿ, ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು ಹನ್ನೆರಡೂವರೆ ಗಂಟೆ, ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗ್ತಾ ಹೋಗುತ್ತೆ, ನೀರು ಇಳಿಯೋಕೆ ಶುರು ಆದಾಗ ಕೆಲಸ ಶುರು ಮಾಡಿದ್ರೆ ಧಾರಾಳ ಟೈಮ್ ಸಿಗುತ್ತೆ.

ಬುಡಕ್ಕೆ ಒಂದು ದೊಡ್ಡ ಚಪ್ಪಟೆ ಕಲ್ಲು, ಅಲ್ಲಾಡಬಾರ್ದು, ಮೇಲೆ ಕಾಲಿಟ್ಟು ಜೋಲಿ ಹೊಡೆದು ನೋಡಿ. ಅದರ ಮೇಲೆ ಮೂವತ್ತು ಸೆಂಟಿಮೀಟರ್ ಅಗಲದ ವೃತ್ತಕ್ಕೆ ಮೊದಲ ಸುತ್ತು. ಎರಡನೇ ಸುತ್ತು ಒಂದು ಸೆಂಟಿಮೀಟರ್ ಹೊರಗೆ, ಮೂರನೇದು ಇನ್ನೊಂದು ಸೆಂಟಿಮೀಟರ್. ಪ್ರತಿ ಕಲ್ಲೂ ಹೊರಗೆ ಚಾಚಿರೋದ್ರಿಂದ ಮುಗ್ಗರಿಸೋಕೆ ನೋಡ್ತಾ ಇರುತ್ತೆ, ಅದರ ಬಾಲದ ಮೇಲೆ ಅಂದ್ರೆ ಒಳ ತುದಿ ಮೇಲೆ ಭಾರ ಬಿದ್ರೆ ಮಾತ್ರ ನಿಲ್ಲುತ್ತೆ, ಹಾಗಾಗಿ ಪ್ರತಿ ಸುತ್ತು ಮುಗಿದ ಕೂಡ್ಲೇ ನಡುವೆ ತುಂಬಿ ಮಟ್ಟ ಮಾಡಿ, ಆಮೇಲೆ ಮುಂದಿನ ಸುತ್ತು. ನಾನು ಮೊದ್ಲು ಹೊರಗಿನ ಸುತ್ತು ನಾಲ್ಕು ಕಟ್ಟಿ ಆಮೇಲೆ ಒಳಗೆ ತುಂಬೋಣ ಅಂದ್ಕೊಂಡೆ, ಕೈ ತುಂಬ ಕಲ್ಲು ಹಾಕಿದ್ದೇ ತಡ ಇಡೀದು ಹೂವು ಅರಳಿದ ಹಾಗೆ ನಾಲ್ಕೂ ಕಡೆ ಬಿಚ್ಕೊಂಡು ಬಿತ್ತು, ಎಡಗೈ ನಡುಬೆರಳ ಉಗುರು ಕಪ್ಪಾಗಿ ಮೂರು ತಿಂಗಳು ಹಾಗೇ ಇತ್ತು. ನಮ್ಮನೆಯವ್ರು ಕಾರಲ್ಲಿ ಕೂತು ಕ್ರಿಕೆಟ್ ಸ್ಕೋರ್ ನೋಡ್ತಿದ್ದೋರು ಗಾಜು ಇಳಿಸಿ ಏನದು ಸದ್ದು ಅಂದ್ರು.

ನಡು ಉಬ್ಬು ದಾಟಿದ್ಮೇಲೆ ಸುಲಭ, ಅಲ್ಲಿಂದ ಒಳಗೆ ಒಳಗೆ ಬರೋದು, ಭಾರ ಎಲ್ಲ ಒಳಗಡೆ ಬೀಳುತ್ತೆ. ಕಷ್ಟ ಕೆಳಗಿನ ಅರ್ಧದಲ್ಲಿ, ಅಪಾಯ ನಡು ಹತ್ರ. ಕಟ್ಟೋವಾಗ ಕಿವಿ ತೆರೆದಿರಲಿ, ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬಂದ್ರೆ ಸಣ್ಣ ಕಲ್ಲು ಜಾರ್ತಿದೆ ಅಂತ ಅರ್ಥ, ಹಿಡ್ಕೊಳ್ಳೋಕೆ ಹೋಗ್ಬೇಡಿ, ಕೈ ತೆಗೆದು ಹಿಂದಕ್ಕೆ ಬನ್ನಿ. ಗೋಲ್ಡ್ಸ್‌ವರ್ಥಿ ಕೆನಡಾದ ನೋವಾ ಸ್ಕೋಶಿಯಾ ಬೀಚಲ್ಲಿ ಇದೇ ಮೊಟ್ಟೆ ಗೋಪುರ ಕಟ್ಟೋವಾಗ ಮತ್ತೆ ಮತ್ತೆ ಕುಸಿದಿದ್ದು ವಿಡಿಯೋದಲ್ಲೇ ಇದೆ, ಆ ಮನುಷ್ಯ ಸುಮ್ನೆ ಕೂತು ನಿಟ್ಟುಸಿರು ಬಿಟ್ಟು ಮತ್ತೆ ಬುಡದಿಂದ ಶುರು ಮಾಡ್ತಾರೆ. ಪ್ರತಿ ಸಲ ಬಿದ್ದಾಗ ಕಲ್ಲು ಇನ್ನಷ್ಟು ಪರಿಚಯ ಆಗುತ್ತೆ ಅನ್ನೋದು ಅವ್ರ ಅನುಭವ, ನಂಗೆ ನಾಲ್ಕನೇ ಸಲಕ್ಕೆ ನಿಂತಿತು.

ಎರಡು ಕಡ್ಡಾಯ ಮಾತು. ಇರೋ ಡೈಕಿಂದ ಒಂದು ಕಲ್ಲನ್ನೂ ತೆಗೀಬೇಡಿ, ಅದು ರೈತನ ಗೋಡೆ, ಕುರಿ ಆಚೆ ಬಂದ್ರೆ ರಸ್ತೆಗೆ ಬರುತ್ತೆ. ಫೋಟೋ ಆದ್ಮೇಲೆ ನೀರು ತಲುಪದ ಜಾಗದಲ್ಲಿದ್ರೆ ನೀವೇ ಬಿಚ್ಚಿ ಕಲ್ಲು ವಾಪಸ್ ಹಾಕಿ, ಕಲ್ಲಿನ ಕೆಳಗೆ ಹುಳ ಹುಪ್ಪಟೆ ಮನೆ ಮಾಡಿರುತ್ತೆ, ಗುಡ್ಡದ ಮೇಲಂತೂ ದಾರಿ ಗುರುತಿನ ಕಲ್ಲುರಾಶಿ ಅಂದ್ಕೊಂಡು ಮಂಜಲ್ಲಿ ಯಾರಾದ್ರೂ ದಾರಿ ತಪ್ಪಬಹುದು.

ಕೆಂಪು ಬಣ್ಣ ಬೇಕಾದ್ರೆ ಹೊಳೇಲಿ ತುಕ್ಕು ಬಣ್ಣದ ಮೆತ್ತನೆ ಕಲ್ಲು ಹುಡುಕಿ. ಪೆನ್‌ಪಾಂಟ್ ಹತ್ರದ ಸ್ಕಾರ್ ವಾಟರ್ ಹೊಳೇಲಿ ಗೋಲ್ಡ್ಸ್‌ವರ್ಥಿ ಇದನ್ನೇ ಆರಿಸಿ ಕಲ್ಲಿಗೆ ಕಲ್ಲು ತೇದು ಕೆಂಪು ತೆಗೀತಾರೆ. ಗಂಧ ತೇಯೋಕೆ ಬರೋರಿಗೆ ಇದನ್ನ ಹೇಳಿಕೊಡೋದು ಬೇಡ, ಗುಳಿ ಇರೋ ಬಂಡೆಯೇ ಸಾಣೆಕಲ್ಲು, ಒಂದೊಂದೇ ಹನಿ ನೀರು, ಒಂದೇ ದಿಕ್ಕಿಗೆ ಸುತ್ತು, ಜಾಸ್ತಿ ನೀರು ಹಾಕಿದ್ರೆ ಓಡುತ್ತೆ. ಹತ್ತು ನಿಮಿಷಕ್ಕೆ ಒಂದು ಚಮಚ ಬರುತ್ತೆ ಅಷ್ಟೇ, ಅದನ್ನ ಕಲ್ಲಿನ ಗುಳೀಲಿ ತುಂಬಿದ್ರೆ ಬೂದು ಹೊಳೆ ನಡುವೆ ಗಾಯ ಆದ ಹಾಗೆ ಕಾಣುತ್ತೆ. ಕಲ್ಲು ಕೆಂಪಾಗಿರೋದು ಕಬ್ಬಿಣದಿಂದ, ನಮ್ಮ ರಕ್ತ ಕೆಂಪಾಗಿರೋದೂ ಕಬ್ಬಿಣದಿಂದ, ಗೋಲ್ಡ್ಸ್‌ವರ್ಥಿ ಆ ಕೆಂಪಿನ ಹಿಂದೆ ಬಿದ್ದಿರೋದೇ ಅದಕ್ಕೆ.

ಮಂಜುಗಡ್ಡೆ ಕೆಲ್ಸ ಮಕ್ಕಳಿಗಲ್ಲ. 1987ರ ಜನವರೀಲಿ ಸ್ಕಾರ್ ಕಣಿವೇಲಿ ಗೋಲ್ಡ್ಸ್‌ವರ್ಥಿ ಮಾಡಿದ ಐಸ್ ನಕ್ಷತ್ರದ ಫೋಟೋ ನೋಡಿರ್ತೀರ, ನೇತಾಡೋ ಐಸ್ ಕಡ್ಡಿಗಳನ್ನ ಮುರಿದು ದಪ್ಪ ತುದಿಯನ್ನ ಮೊದ್ಲು ಹಿಮದಲ್ಲಿ ಅದ್ದಿ ಆಮೇಲೆ ನೀರಲ್ಲಿ ಅದ್ದಿ ಅಂಟೋ ತನಕ ಕೈಯಲ್ಲೇ ಹಿಡ್ಕೊಳ್ಳೋದು, ಜೊತೆಗೆ ಕವಲು ಕಡ್ಡಿ ಆಸರೆ ಕೊಡೋದು, ಆಸರೆ ಕಡ್ಡಿ ತೆಗೆಯೋವಾಗ ಬಾಯಿಂದ ಬಿಸಿ ಉಸಿರು ಊದಿ ಬಿಡಿಸೋದು. ಸೂರ್ಯ ಬಂದ್ರೆ ಆಟ ಮುಗೀತು, ಬೆಳಗಿನ ಜಾವಕ್ಕೇ ಶುರು ಮಾಡ್ಬೇಕು. ಗ್ಲೌಸ್ ಹಾಕಿದ್ರೆ ಐಸ್ ಉಣ್ಣೆಗೆ ಅಂಟುತ್ತೆ, ಬರಿಗೈಲೇ ಮಾಡ್ಬೇಕು, ಹಾಗಾಗಿ ಐದು ನಿಮಿಷ ಕೆಲ್ಸ, ಐದು ನಿಮಿಷ ಕಂಕುಳಲ್ಲಿ ಕೈ. ನಾನು ಒಂದೇ ಸಲ ಪ್ರಯತ್ನ ಪಟ್ಟೆ, ಮೂರು ಕಡ್ಡಿ ಅಂಟಿತು, ಬೆರಳಿಗೆ ಜೀವ ವಾಪಸ್ ಬರೋವಾಗ ಆದ ನೋವಿಗೆ ಅಮ್ಮಾ ಅಂದೆ, ಸಾಕು ಅಂತ ಬಿಟ್ಬಿಟ್ಟೆ. ಇದೇ ಮನುಷ್ಯ ಸ್ಕಾಟ್ಲೆಂಡಿನ ಹಿಮ ಕೋಲ್ಡ್ ಸ್ಟೋರೇಜಲ್ಲಿ ಇಟ್ಟು, 2000ನೇ ಇಸವಿ ಜೂನ್ 21ರಂದು, ನಡು ಬೇಸಿಗೇಲಿ, 13 ದೈತ್ಯ ಹಿಮದುಂಡೆಗಳನ್ನ ಲಂಡನ್ ಬೀದೀಲಿ ತಂದಿಟ್ಟಿದ್ರು, ಒಂದೊಂದೂ ಟನ್ ಲೆಕ್ಕದ ಭಾರ, ಕರಗಿದ ಹಾಗೆ ಒಳಗಿಂದ ಕುರಿ ಉಣ್ಣೆ, ಕಾಗೆ ಪುಕ್ಕ, ಮುಳ್ಳುತಂತಿ ಹೊರಗೆ ಬರ್ತಿತ್ತಂತೆ, ಆಫೀಸಿಗೆ ಹೋಗೋರ ಮುಖ ನೋಡ್ಬೇಕಿತ್ತು.

ಫೋಟೋ ವಿಷ್ಯ. ಎಲ್ಲ ಹಾಳಾಗೋದ್ರಿಂದ ಫೋಟೋನೇ ಉಳಿಯೋದು, ಆದ್ರೆ ಫಿಲ್ಟರ್ ಹಾಕ್ಬೇಡಿ ದಯವಿಟ್ಟು. ಒಂದು ಹತ್ತಿರದಿಂದ, ಒಂದು ದೂರದಿಂದ ಸುತ್ತಲಿನ ಜಾಗ ಕಾಣೋ ಹಾಗೆ, ಬಿದ್ದಿದ್ರೆ ಬಿದ್ದಿದ್ದೂ ಒಂದು. ಗೋಲ್ಡ್ಸ್‌ವರ್ಥಿ ಫೋಟೋ ಕೆಳಗೆ ದೊಡ್ಡ ದೊಡ್ಡ ಹೆಸರು ಇರಲ್ಲ, ಏನು ಸಾಮಾನು, ಹೇಗೆ ಅಂಟಿಸಿದ್ದು, ಹವಾ ಹೇಗಿತ್ತು, ಯಾವ ಊರು, ಯಾವ ದಿನ, ಇಷ್ಟೇ. ಹಾಲಿನ ಲೆಕ್ಕ ಬರೆದ ಹಾಗೆ. ನಾನೂ ಒಂದು ನೋಟ್‌ಬುಕ್ ಇಟ್ಟಿದೀನಿ, ‘ಸಿಕಮೋರ್ ಎಲೆ 41, ಮುಳ್ಳು, ತುಂತುರು ಮಳೆ, ಎರಡು ಗಂಟೆ, ನಾಯಿ ತುಳೀತು’.

ಅವ್ರ ಕೆಲ್ಸ ಕಣ್ಣಾರೆ ನೋಡ್ಬೇಕು ಅಂದ್ರೆ, ಯಾಕಂದ್ರೆ ಫೋಟೋದಲ್ಲಿ ತೂಕ ಗೊತ್ತಾಗಲ್ಲ, ಎಡಿನ್‌ಬರ್ಗ್‌ನ ನ್ಯಾಷನಲ್ ಮ್ಯೂಸಿಯಂ ಆಫ್ ಸ್ಕಾಟ್ಲೆಂಡ್ ಫ್ರೀ ಎಂಟ್ರಿ, ಅಲ್ಲಿ ಹಳೇ ಕಾಲದ ಜನರ ಗ್ಯಾಲರೀಲಿ ತಿಮಿಂಗಿಲದ ಮೂಳೆಗಳನ್ನ ಒಂದಕ್ಕೊಂದು ಸಿಕ್ಕಿಸಿ ಮಾಡಿದ ದೊಡ್ಡ ಚೆಂಡಿದೆ, ಮೊಳೆ ಇಲ್ಲ. ಊರಾಚೆ ಜುಪಿಟರ್ ಆರ್ಟ್‌ಲ್ಯಾಂಡ್ ಅನ್ನೋ ತೋಟ ಇದೆ, ಬೇಸಿಗೆ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತೆ, ಟಿಕೆಟ್ ಇದೆ, ಅಲ್ಲಿ ಮರಗಳ ಕವಲಲ್ಲಿ ಬಂಡೆ ಕೂರಿಸಿದಾರೆ. 2025ರಲ್ಲಿ ಎಡಿನ್‌ಬರ್ಗಲ್ಲಿ ಅವ್ರ ಐವತ್ತು ವರ್ಷದ ಕೆಲ್ಸದ ದೊಡ್ಡ ಎಕ್ಸಿಬಿಷನ್ ಆಯ್ತಲ್ಲ, ಅಲ್ಲಿ ಮೆಟ್ಟಿಲ ಉದ್ದಕ್ಕೂ ಹಾಸಿದ್ದ ಕುರಿ ಉಣ್ಣೆ ಮೇಲೆ ರೈತರು ಗುರುತಿಗೆ ಹಚ್ಚಿದ ಬಣ್ಣ ಹಾಗೇ ಇತ್ತು, ನಮ್ಮ ಕಡೆನೂ ಕುರಿಗೆ ಗುರುತು ಹಚ್ತಾರಲ್ಲ ಹಾಗೆ, ಜನ ಎಲ್ಲ ಚಂದ ಚಂದ ಅಂತಿದ್ರು, ನಂಗೆ ಮಾತ್ರ ಆ ವಾಸನೆಗೆ ಸೀದಾ ಊರು ನೆನಪಾಯ್ತು.

ಕಾಲಲ್ಲಿ ಶಕ್ತಿ ಇದ್ರೆ ಡಂಫ್ರೀಸ್‌ಷೈರ್‌ಗೇ ಹೋಗಿ, ಗ್ಲ್ಯಾಸ್ಗೋದಿಂದ ಕಾರಲ್ಲಿ ಒಂದೂವರೆ ಗಂಟೆ ಚಿಲ್ಲರೆ. ಮೋನಿಯೈವ್ ಊರಿಂದ ಕಣಿವೆ ಒಳಗೆ ಕೇರ್ನ್‌ಹೆಡ್ ಅನ್ನೋ ಕಡೆ ಸ್ಟ್ರೈಡಿಂಗ್ ಆರ್ಚಸ್ ಇದೆ. ಕೆಂಪು ಮರಳುಗಲ್ಲಿನ ಕಮಾನುಗಳು, ಒಂದೊಂದಕ್ಕೆ 31 ಕಲ್ಲು, ಸುಮಾರು 27 ಟನ್, ಎತ್ತರ ನಾಲ್ಕು ಮೀಟರಿಗೆ ಸ್ವಲ್ಪ ಕಮ್ಮಿ, ಗಾರೆ ಇಲ್ಲ. ಒಂದು ಕೆಳಗೆ ಹಳೇ ದನದ ಕೊಟ್ಟಿಗೆ ಹತ್ರ, ಉಳಿದ ಮೂರು ಕೋಲ್ಟ್ ಹಿಲ್, ಬೆನ್‌ಬ್ರ್ಯಾಕ್, ಬೇಲ್ ಹಿಲ್ ಅನ್ನೋ ಮೂರು ಗುಡ್ಡದ ನೆತ್ತಿ ಮೇಲೆ, ಊರು ಬಿಟ್ಟು ದೇಶಾಂತರ ಹೋದ ಸ್ಕಾಟ್ ಜನರ ಹಾಗೆ ಗುಡ್ಡದಿಂದ ಗುಡ್ಡಕ್ಕೆ ಹೆಜ್ಜೆ ಹಾಕ್ತಿದಾವೆ. ಮಕ್ಕಳಿದ್ರೆ ಕೊಟ್ಟಿಗೆದು ನೋಡಿ ವಾಪಸ್ ಬನ್ನಿ, ಮೂರೂ ಗುಡ್ಡ ಹತ್ತೋಕೆ ಇಡೀ ದಿನ ಬೇಕು, ಮೊಬೈಲ್ ಸಿಗ್ನಲ್ ನಂಬ್ಕೊಂಡು ಹೋಗ್ಬೇಡಿ, ಮ್ಯಾಪ್ ಪ್ರಿಂಟ್ ತೊಗೊಳ್ಳಿ. ಚಿತ್ರಾನ್ನ ಕಟ್ಕೊಂಡು ಹೋಗಿದ್ದು ನಾನು ಮಾಡಿದ ಒಂದೇ ಬುದ್ಧಿವಂತಿಕೆ ಕೆಲ್ಸ, ಅಲ್ಲಿ ಒಂದು ಅಂಗಡಿ ಇಲ್ಲ.

ಸ್ಕಾಟ್ಲೆಂಡಲ್ಲಿ 2003ರ ಭೂ ಸುಧಾರಣೆ ಕಾಯ್ದೆ ಪ್ರಕಾರ ಹೆಚ್ಚಿನ ಜಾಗದಲ್ಲಿ ಯಾರು ಬೇಕಾದ್ರೂ ಓಡಾಡಬಹುದು, ಆದ್ರೆ ಜವಾಬ್ದಾರಿ ಇರ್ಬೇಕು, ಗೇಟು ಹೇಗಿತ್ತೋ ಹಾಗೇ ಬಿಡಿ, ಬೆಳೆ ತುಳೀಬೇಡಿ, ಏಪ್ರಿಲ್ ಮೇ ಹೊತ್ತಲ್ಲಿ ಕುರಿ ಮರಿ ಹಾಕಿರುತ್ತೆ, ನಾಯಿ ಇದ್ರೆ ಹಗ್ಗ ಹಾಕಿ ಹಿಡ್ಕೊಳ್ಳಿ. ಆಮೇಲೆ ಮನೆಗೆ ಬಂದ ತಕ್ಷಣ ಸ್ನಾನಕ್ಕೆ ಮುಂಚೆ ಎಲ್ಲರ ಮೈ ನೋಡಿ, ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ, ಸೊಂಟದ ಪಟ್ಟಿ ಕೆಳಗೆ, ಎಳ್ಳು ಕಾಳಿನಷ್ಟು ಕಪ್ಪಗೆ ಏನಾದ್ರೂ ಅಂಟಿದ್ರೆ ಅದು ಉಣ್ಣೆ ಹುಳ, ಕುರಿ ಉಣ್ಣೆ ಅಲ್ಲ, ರಕ್ತ ಹೀರೋ ಟಿಕ್. ಹಿಸುಕಬೇಡಿ, ಎಣ್ಣೆನೂ ಹಚ್ಚಬೇಡಿ, ಔಷಧಿ ಅಂಗಡೀಲಿ ಸಿಗೋ ಪುಟ್ಟ ಕೊಕ್ಕೆ ಇದೆ, ಚರ್ಮಕ್ಕೆ ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸಿ ತೆಗೀರಿ, ತೆಗೆದ ದಿನಾಂಕ ಕ್ಯಾಲೆಂಡರಲ್ಲಿ ಬರೆದಿಡಿ, ಕೆಲವು ವಾರದಲ್ಲಿ ಸುತ್ತ ಕೆಂಪು ಬಳೆ ಥರ ಹರಡಿದ್ರೆ ಡಾಕ್ಟ್ರ ಹತ್ರ ಹೋಗಿ.